ಮೇಜರನ ಮರಿಗಳು

ಕೊಪ್ಪಳ ಸೀಮೆಯ ಮಂಗಳೂರು ಎಂಬ ಹಳ್ಳಿಯಲ್ಲಿ ದೊಡ್ಡಬಸಪ್ಪಗೌಡರ ನಾಯಿ ಸತ್ತದ್ದು ಬೆಳಗಿನ ಹತ್ತು ಗಂಟೆಗೆ, ಮನೆಯವರೆಲ್ಲರ ಕಣ್ಣೆದುರಿಗೆ. ಹಿತ್ತಲಿನಿಂದ ಅಂಗಳಕ್ಕೆ ಓಡಿ ಬಂದದ್ದು ಕಟ್ಟೆಯ ಹತ್ತಿರ ಮುಗ್ಗರಿಸಿತು, ಒಮ್ಮೆ ಕೆಮ್ಮಿತು, ಮತ್ತೆ ಏಳಲಿಲ್ಲ. ಮೇಜರ ಎಂಬ ಆ ನಾಯಿ ವಿಲಾಯತಿ ಜಾತಿಯದು. ಬಳ್ಳಾರಿಯ ದಂಡಿನಿಂದ ತನ್ನ ದೇಶಕ್ಕೆ ಹೊರಟಿದ್ದ ಬಿಳಿಯ ಸಾಹೇಬನೊಬ್ಬನಿಂದ ಗೌಡರು ಅದನ್ನು ತಂದಿದ್ದರು. ನಿಂತರೆ ಗೌಡರ ಸೊಂಟಕ್ಕೆ ಬರುತ್ತಿತ್ತು. ವಯಸ್ಸು ನಾಲ್ಕೇ ವರ್ಷ.

"ವಿಷಾ ಹಾಕ್ಯಾರ," ಎಂದರು ಗೌಡರು. ಹಾಗೆ ಹೇಳುವಾಗ ಅವರು ನೋಡಿದ್ದು ಯಮನೂರಸಾಬನ ಕಡೆಗೆ.

ಯಮನೂರಸಾಬ ಆ ಮನೆಯಲ್ಲಿ ನಾಯಿಗಳನ್ನು ನೋಡಿಕೊಳ್ಳುತ್ತಿದ್ದ, ಐವತ್ತು ದಾಟಿದ ಮನುಷ್ಯ. ಗೌಡರ ಅಡುಗೆಮನೆಗೆ ಮಾಂಸ ಬರುವಂತಿರಲಿಲ್ಲ. ಮೇಜರನಿಗೆ ಮಾಂಸವಿಲ್ಲದೆ ನಡೆಯುತ್ತಿರಲಿಲ್ಲ. ಆದ್ದರಿಂದ ಯಮನೂರಸಾಬನೇ ತನ್ನ ಮನೆಯಲ್ಲಿ ಬೇಯಿಸಿ, ರೊಟ್ಟಿ ಮುರಿದು ಕಲಸಿ ತರುತ್ತಿದ್ದ. ನಾಯಿಯ ಊಟ ಅವನೊಬ್ಬನ ಕೈಯಲ್ಲೇ ಇತ್ತು. ಅದೇ ಅವನಿಗೆ ಮುಳುವಾಯಿತು.

ವಿಷ ಎಂದು ಬರೆಸಿಕೊಳ್ಳಲು ಗೌಡರು ಕುಷ್ಟಗಿಯಿಂದ ದನದ ಡಾಕ್ಟರ್ ಕಾಸೀಮಸಾಬರನ್ನು ಕರೆಸಿದರು. ಮೂವತ್ತರ ಪ್ರಾಯದ ಕಾಸೀಮಸಾಬರು ಬಾವಿಯ ಹಿಂದೆ ನಾಯಿಯನ್ನು ಕೊಯ್ದು ನೋಡಿ, ಕೈ ತೊಳೆದುಕೊಳ್ಳುವ ಮೊದಲೇ ಗೌಡರನ್ನು ಕರೆದರು.

"ವಿಷಾ ಆಗಿದ್ರ ಹೊಟ್ಟಿ, ಕರುಳಿನ್ಯಾಗ ಏನಾರ ಗುರ್ತು ಸಿಗತಿತ್ರಿ. ಏನೂ ಇಲ್ಲ. ಇಲ್ಲಿ ನೋಡ್ರಿ, ಗುಂಡಿಗಿ. ಹಿಗ್ಗಿ ಹಿಗ್ಗಿ ಚೀಲ ಆಗೇತಿ. ಗ್ವಾಡಿ ಎಷ್ಟು ತೆಳ್ಳಗಾಗೇತಿ ನೋಡ್ರಿ. ರಕ್ತ ದೂಡೂ ಶಕ್ತಿ ಇದಕ್ಕಿರಲಿಲ್ಲ."

"ನಾಕು ವರ್ಷದ ಗಂಡು ನಾಯಿಗೆ ಎದಿ ರೋಗ?" ಗೌಡರ ಮುಖ ಕೆಂಪಾಯಿತು. "ನಮ್ಮ ಬೇಟಿನಾಯಿ ಹೆಣ್ಣು, ಏಳು ವರ್ಷದ್ದು, ಹೋದ ಬ್ಯಾಸಿಗ್ಯಾಗ ಇದರ ಮರಿ ಹಾಕೇತಿ. ಇನ್ನೂ ಮೊಲಾ ಹಿಡೀತೈತಿ. ಅದಕ್ಕಿಲ್ಲದ್ದು ಇದಕ್ಕ ಹೆಂಗ ಬಂತು?"

"ಸಣ್ಣ ಜಾತಿ ಸಾಕುನಾಯಿಗೆ ಮುಪ್ಪಿನಾಗ ಬರತೈತ್ರಿ. ಇಂಥಾ ದೊಡ್ಡ ಜಾತಿಗೆ ಹರೇದಾಗನ ಬರತೈತಿ. ಅದೂ ಗಂಡಿಗೆ ಹೆಚ್ಚು."

"ಇಂಥವು ನೀವು ಎಷ್ಟು ನೋಡೀರಿ?"

ಕಾಸೀಮಸಾಬರು ಸುಳ್ಳು ಹೇಳಬಹುದಿತ್ತು. "ಎರಡು," ಎಂದರು. "ಸಿಕಂದರಾಬಾದಿನ ದಂಡಿನಾಗ."

ಗೌಡರು ನಕ್ಕರು. ಅವರ ಹೆಂಡತಿ ಶೇಖರಮ್ಮ ಹಿತ್ತಲ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿ, ಒಳಗೆ ಹೋದಳು.

ವಾರದೊಳಗೆ ಊರಲ್ಲಿ ಯಮನೂರಸಾಬನ ಜೊತೆ ಮಾತಾಡುವವರೇ ಇಲ್ಲವಾದರು. ಅವನು ಮಾರಲು ತಂದ ಹಾಲನ್ನು ಕೂಡ ಯಾರೂ ಮುಟ್ಟಲಿಲ್ಲ. ಅವನು ಊರು ಬಿಟ್ಟ ದಿನ ಶೇಖರಮ್ಮ ಹಿತ್ತಲ ಬಾಗಿಲಿಗೆ ಕರೆದು, ಮೇಜರನ ಒಂದು ಗಂಡು ಮರಿಯನ್ನು ಅವನ ಕೈಗಿಟ್ಟಳು. "ನಿನ್ನ ಕೈಯಾಗ ಬೆಳದದ್ದು, ಒಯ್ಯಿ," ಎಂದಳಷ್ಟೇ. ಅದು ೧೯೩೭ರ ಮಳೆಗಾಲ.

ಕಾಸೀಮಸಾಬರ ತಲೆಯಿಂದ ಗೌಡರ ಆ ನಗು ಹೋಗಲೊಲ್ಲದು. ಎತ್ತಿನ ಕೊಂಬಿಗೆ ಮದ್ದು ಹಚ್ಚುವಾಗಲೂ ಅದೇ ಕಿವಿಯಲ್ಲಿ. ತಾನು ಹೇಳಿದ್ದು ಖರೆಯೋ, ಎರಡು ನಾಯಿ ನೋಡಿ ಆಡಿದ ದೊಡ್ಡ ಮಾತೋ? ಒಂದು ನೋಟುಬುಕ್ಕು ಹೊಲಿಸಿ, ಗೆರೆ ಎಳೆದು ಮೂರು ಅಂಕಣ ಮಾಡಿದರು: ವಯಸ್ಸು, ಗಂಡೋ ಹೆಣ್ಣೋ, ಜಾತಿ. ದವಾಖಾನೆಗೆ ಕಜ್ಜಿಗೆಂದು ಬಂದ ನಾಯಿಯ ಎದೆಗೂ ಸ್ಟೆತಾಸ್ಕೋಪಿನ ನಳಿಗೆ ಇಟ್ಟು ಬಡಿತ ಕೇಳತೊಡಗಿದರು. ಬೆಕ್ಕುಗಳನ್ನೂ ಬಿಡಲಿಲ್ಲ. ಬೆಕ್ಕನ್ನು ಮೆಲ್ಲಗೆ ಹಿಡಿದರೆ ಅದರ ಗುರುಗುರು ಸದ್ದಿನಲ್ಲಿ ಬಡಿತವೇ ಕೇಳುತ್ತಿರಲಿಲ್ಲ, ಗಟ್ಟಿ ಹಿಡಿದರೆ ಪರಚುತ್ತಿತ್ತು. ಶಾಲೆಯ ಮಾಸ್ತರರ ಐದು ವರ್ಷದ ಗಂಡು ಬೆಕ್ಕು ಒಂದು ಸಂಜೆ ಕಿಟಕಿಯಿಂದ ಜಿಗಿದಲ್ಲೇ ಸತ್ತಿತು. ಅದರ ಗುಂಡಿಗೆಯಲ್ಲಿ ಬೇರೆಯೇ ಆಗಿತ್ತು: ಗೋಡೆ ತೆಳುವಾಗುವ ಬದಲು ದಪ್ಪಗಾಗಿ, ಒಳಗೆ ರಕ್ತಕ್ಕೆ ಜಾಗವೇ ಉಳಿದಿರಲಿಲ್ಲ. ಅದನ್ನೂ ಬರೆದುಕೊಂಡರು. ಬರೆದಷ್ಟೂ ಗೊತ್ತಿಲ್ಲದ್ದೇ ಹೆಚ್ಚಾಯಿತು.

"ಮನುಷ್ಯಾರ ನಾಡಿ ಹಿಡಿಯೂದು ಕಲ್ತಿದ್ರ ಒಂದೀಟು ಹೆಸರರೆ ಬರತಿತ್ತು," ಎಂದಳು ಹೆಂಡತಿ ಲಾಲಬೀ, ಅವರ ಕೈಯ ಗೀರುಗಳಿಗೆ ಅರಿಷಿಣ ಹಚ್ಚುತ್ತ.

ಮೂರನೆಯ ವರ್ಷಕ್ಕೆ ಅವರಿಗೆ ಹೊಳೆಯಿತು: ಮೇಜರ ಸತ್ತಿದ್ದರೇನು, ಅದರ ರಕ್ತ ಮರಿಗಳಲ್ಲಿ ಇದೆಯಲ್ಲ? ಮರಿಗಳು ನಾಲ್ಕು ಎಂದು ಶೇಖರಮ್ಮನಿಂದ ತಿಳಿಯಿತು. ರಜೆ ಸಿಕ್ಕಾಗಲೆಲ್ಲ ಸೈಕಲ್ ಹತ್ತಿದರು. ಕಿನ್ನಾಳದಲ್ಲಿ ಗೊಂಬೆ ಮಾಡುವ ಲಕ್ಷ್ಮಣಪ್ಪನ ಮನೆಯಲ್ಲಿ ಒಂದು ಹೆಣ್ಣು ಇತ್ತು. ಹಸಿ ಬಣ್ಣದ ಗೊಂಬೆಗಳ ನಡುವೆ ಅದನ್ನು ಮಲಗಿಸಿ ಅರ್ಧ ಗಂಟೆ ಕೇಳಿದರು. ಬಡಿತ ಗಡಿಯಾರದಂತಿತ್ತು. ಯಲಬುರ್ಗಾದ ಇನ್ನೊಂದು ಹೆಣ್ಣಿನದೂ ಹಾಗೆಯೇ. ಕೊಪ್ಪಳದ ಗಂಡು ಮರಿ ಹಾವು ಕಚ್ಚಿ ಎಂದೋ ಸತ್ತಿತ್ತು. ಉಳಿದದ್ದು ಯಮನೂರಸಾಬನದು.

ಅವನು ಹನುಮನಹಳ್ಳಿಯ ಹತ್ತಿರ ಹೊಳೆದಂಡೆಯ ಬಾಳೆತೋಟವೊಂದನ್ನು ಕಾಯುತ್ತಿದ್ದಾನೆಂದು ಗಂಗಾವತಿಯ ಸಂತೆಯಲ್ಲಿ ಸುದ್ದಿ ಸಿಕ್ಕಿತು. ಕಾಸೀಮಸಾಬರು ಹೋದಾಗ ಯಮನೂರಸಾಬ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದ. ನಾಯಿ ಅವನ ಕಾಲ ಬಳಿ ಮಲಗಿತ್ತು. ತಂದೆಯದೇ ತಲೆ, ತಂದೆಯದೇ ಎದೆ.

"ಭಾಳ ಶಾಣ್ಯಾ ಅದಾನ್ರಿ ಮೋತಿ," ಎಂದ. "ಆದ್ರ ಈಗೀಗ ಏರಿ ಹತ್ತಿದ್ರ ದಣೀತಾನ."

ಕಾಸೀಮಸಾಬರು ಮೊಳಕಾಲೂರಿ ನಳಿಗೆ ಇಟ್ಟರು. ಎರಡು ಬಡಿತ, ಒಂದು ತಡೆ. ಮೂರು ಅವಸರದ ಬಡಿತ, ಮತ್ತೆ ತಡೆ. ನನ್ನ ಮಾತು ಖರೆ! ಮೂರು ವರ್ಷಗಳ ಭಾರ ಇಳಿದಂತಾಗಿ ಮುಖ ಅರಳಿತು.

"ಛಲೋ ಐತೇನ್ರಿ?" ಯಮನೂರಸಾಬ ಕೇಳಿದ. "ನಕ್ಕ್ರಿ, ಅದಕ್ಕ ಕೇಳಿದೆ."

ಕಾಸೀಮಸಾಬರಿಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು. ನಾಯಿಯ ಕಿವಿ ಸವರುತ್ತ ಹೇಳಿದರು, "ಇಲ್ಲ ಚಾಚಾ. ಇವನ ಅಪ್ಪಗ ಆಗಿದ್ದ ಇವಗೂ ಆಗೇತಿ. ಹುಟ್ಟಿನಿಂದನ ತಂದಾನ."

ಯಮನೂರಸಾಬನ ಕೈಯಲ್ಲಿ ಹಗ್ಗ ಹಾಗೆಯೇ ನಿಂತಿತು. ಅವನು ಕೇಳಿದ, "ಹಂಗಾರ ನಾ ಹಾಕಿದ್ದು ತಿಂದು ಮೇಜರ ಸಾಯಲಿಲ್ಲ?"

"ನಿಮಗ ಗೊತ್ತಿತ್ತಲ್ಲ, ನೀವು ವಿಷಾ ಹಾಕಿಲ್ಲಂತ?"

"ವಿಷಾ ಹಾಕಿಲ್ರಿ. ಆದ್ರ ಅವತ್ತಿನ ಮಾಂಸ ಹಿಂದಿನ ದಿನದ್ದು. ಒಂದೀಟು ವಾಸನಿ ಇತ್ತು. ತೊಳದು ಬೇಯಿಸಿ ಹಾಕಿದೆ. ಯಾರ ಮುಂದೂ ಹೇಳಿಲ್ಲ." ಹಗ್ಗವನ್ನು ಬದಿಗಿಟ್ಟ. "ಮೂರು ವರ್ಷ ಆತ್ರಿ, ತುತ್ತು ಎತ್ತಿದಾಗೆಲ್ಲಾ ಆ ವಾಸನಿ ಬರತೈತಿ."

"ಅದರಿಂದಲ್ಲ ಚಾಚಾ. ಆ ಗುಂಡಿಗಿ ಒಂದ ದಿನದಾಗ ಹಂಗ ಆಗಿದ್ದಲ್ಲ."

ಯಮನೂರಸಾಬ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡ. ಮೋತಿ ಎದ್ದು ಅವನ ಮೊಳಕೈ ಮೂಸಿತು.

ಕಾಸೀಮಸಾಬರು ಕುದಿಯುತ್ತಿದ್ದರು. ನಾಯಿಯನ್ನು ಈಗಲೇ ಮಂಗಳೂರಿಗೆ ಒಯ್ಯೋಣ, ಗೌಡರ ಕಿವಿಗೇ ನಳಿಗೆ ಹಚ್ಚಿ ಕೇಳಿಸೋಣ ಎಂದರು. ಯಮನೂರಸಾಬ ಬೇಡವೆಂದು ತಲೆಯಾಡಿಸಿದ.

"ಅಷ್ಟು ದೂರ ಬಂಡ್ಯಾಗ ಕುಲುಕಿಸಿ ಒಯ್ದ್ರ ಇವ ಉಳೀತಾನೇನ್ರಿ? ನನ್ನ ಹೆಸರು ತೊಳಕೊಳ್ಳಾಕ ಇವನ್ನ ಕೊಲ್ಲಲಿ ಏನು?"

ದಿನಕ್ಕೆರಡು ಸಲ ಹಾಕಬೇಕಾದ ಹನಿ ಔಷಧಿ ಕೊಟ್ಟು, ಏರಿ ಹತ್ತಿಸಬೇಡಿ, ಓಡಿಸಬೇಡಿ ಎಂದು ಹೇಳಿ, ಕಾಸೀಮಸಾಬರು ಅಲ್ಲಿಂದ ನೆಟ್ಟಗೆ ಮಂಗಳೂರಿಗೆ ಹೊರಟರು.

ಗೌಡರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಸತ್ತ ನಾಯಿ ಮಾತು ಈಗ್ಯಾಕ?" ಎಂದು ಎದ್ದು ಒಳಗೆ ಹೋದರು. ಹೊರಗೆ ಬಂದವಳು ಶೇಖರಮ್ಮ.

"ನಾ ಬರತೀನ್ರಿ ಡಾಕ್ಟರ," ಎಂದಳು. "ಅವತ್ತ ಬಾಯಿ ತಗೀಬೇಕಿತ್ತು. ತಗೀಲಿಲ್ಲ."

ಗಂಡನಿಗೆ ಕೇಳುವಂತೆಯೇ ಹೇಳಿದಳು. ತವರಿಗೆ ಹೋಗುವ ನೆಪ ಕೂಡ ಮಾಡಲಿಲ್ಲ. ನಾಲ್ಕು ದಿನದ ಮೇಲೆ ಮುದುಕಮ್ಮ ಎಂಬ ಆಳುಮಗಳನ್ನು ಕರೆದುಕೊಂಡು ಕೊಪ್ಪಳದವರೆಗೆ ಬಂಡಿಯಲ್ಲಿ, ಅಲ್ಲಿಂದ ಮೋಟರಿನಲ್ಲಿ ಗಂಗಾವತಿಗೆ ಬಂದಿಳಿದಳು.

ಬಾಳೆತೋಟದಲ್ಲಿ ಕಾಸೀಮಸಾಬರು ಮೊದಲು ಅವಳ ಕಿವಿಗೆ ನಳಿಗೆ ಕೊಟ್ಟು, ಅವಳದೇ ಎದೆಬಡಿತ ಕೇಳಿಸಿದರು. ಆಮೇಲೆ ಮೋತಿಯದು. ಶೇಖರಮ್ಮ ಉಸಿರು ಬಿಗಿಹಿಡಿದು ಕೇಳಿದಳು. ಒಂದು ತಡೆಯಲ್ಲಿ ಹೆದರಿ ಕಣ್ಣು ತೆರೆದಳು, "ನಿಂತ ಹೋತು!" ಎಂದಳು. ಮತ್ತೆ ಬಡಿದಾಗ ಅವಳ ಕಣ್ಣಲ್ಲಿ ನೀರಿತ್ತು.

"ಯಮನೂರಸಾಬ, ನಮ್ಮದು ತಪ್ಪಾತು. ಊರಾಗ ನಾನ ಹೇಳತೀನಿ. ಮನಿಗೆ ಬಾ."

"ನೀವು ಅಂದ್ರಲ್ಲ ಅವ್ವಾರ, ಸಾಕು. ಇವ ಇರೂತನಕ ನಾ ಇಲ್ಲಿಂದ ಕದಲಂಗಿಲ್ರಿ."

ಶೇಖರಮ್ಮ ಮಾತು ಉಳಿಸಿಕೊಂಡಳು. ಬಾವಿಕಟ್ಟೆಯಲ್ಲಿ, ಕಿರಾಣಿ ಅಂಗಡಿಯ ಮುಂದೆ, ಗಂಡ ನಾಲ್ಕು ಜನರೊಂದಿಗೆ ಕೂತಿದ್ದಾಗ ಪಡಸಾಲೆಯಲ್ಲಿಯೂ ಹೇಳಿದಳು. ಗೌಡರು ಹದಿನೈದು ದಿನ ಅವಳೊಡನೆ ಮಾತಾಡಲಿಲ್ಲ.

ಮೋತಿ ಐದು ತಿಂಗಳು ಬದುಕಿತು. ಸುದ್ದಿ ತಿಳಿದು ಕಾಸೀಮಸಾಬರು ಕತ್ತಿಯ ಚೀಲದೊಂದಿಗೆ ಬಂದರು. ಅದನ್ನು ನೋಡಿದ ಯಮನೂರಸಾಬ ನಾಯಿಯ ಮುಂದೆ ಅಡ್ಡ ಕುಳಿತ.

"ಬ್ಯಾಡ್ರಿ. ನಿಮಗ ಬೇಕಾದದ್ದು ಇವ ಜೀವಂತ ಇದ್ದಾಗನ ಕೇಳೀರಿ."

ಒಳಗೆ ನೋಡಬೇಕೆಂಬ ಆಸೆ ಕಾಸೀಮಸಾಬರ ಬೆರಳುಗಳಲ್ಲಿ ತುಡಿಯುತ್ತಿತ್ತು. ಆದರೂ ಚೀಲವನ್ನು ಸೈಕಲ್ಲಿಗೆ ಕಟ್ಟಿ ಬಂದು, ಗುದ್ದಲಿ ಹಿಡಿದರು. ಇಬ್ಬರೂ ಸೇರಿ ತೋಟದ ಅಂಚಿನಲ್ಲಿ ಗುಣಿ ತೋಡಿದರು.

ಅದಾದ ಎಂಟು ದಿನಕ್ಕೆ ದೊಡ್ಡಬಸಪ್ಪಗೌಡರ ಬಂಡಿ ತೋಟದ ಬೇಲಿಯ ಹತ್ತಿರ ನಿಂತಿತು. ಗೌಡರು ಒಬ್ಬರೇ ಇಳಿದು ಬಂದರು. ಯಮನೂರಸಾಬ ಗುಡಿಸಲ ಮುಂದೆ ಚಾಪೆ ಹಾಸಿದ. ಗೌಡರು ಕೂತರು, ರುಮಾಲು ತೆಗೆದು ಮೊಳಕಾಲ ಮೇಲಿಟ್ಟುಕೊಂಡರು, ಹೊಳೆಯ ಕಡೆ ನೋಡಿದರು.

"ನನಗ ಯಾರ ಮ್ಯಾಲರೆ ಸಿಟ್ಟಾಗಬೇಕಿತ್ತು," ಎಂದರು ಕಡೆಗೆ. "ನೀ ಎದುರಿಗಿದ್ದಿ."

"ಹೌದ್ರಿ ಗೌಡ್ರ. ಎದುರಿಗಿದ್ದೆ."

"ಬರತೀ ಏನು ಊರಿಗೆ?"

"ಇಲ್ರಿ. ಬಾಳಿ ಗೊನಿ ಬಿಟ್ಟಾವ. ಮಂಗ್ಯಾನ ಕಾಟ ಭಾಳ ಐತಿ."

ಗೌಡರು ಆಗಲಿ ಎಂಬಂತೆ ತಲೆ ಅಲ್ಲಾಡಿಸಿದರು. ಯಮನೂರಸಾಬ ಒಳಗೆ ಹೋಗಿ, ಮಾಗಿದ ಬಾಳೆಯ ಚಿಪ್ಪೊಂದನ್ನು ತಂದು ಅವರ ಮುಂದಿಟ್ಟ. ಗೌಡರು ಒಂದು ಹಣ್ಣು ಮುರಿದುಕೊಂಡು, ಅಲ್ಲಿಯೇ ಸುಲಿದು ತಿಂದರು.