ಗಗನಾ ಹೊರಗಾದ ಗೌರಿ ಹಬ್ಬ

ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಡೆಯ ಹೆಂಗಸರಿಗೆ ಮನೆ ತೊಳೆಯುವುದಕ್ಕಿಂತ ದೊಡ್ಡ ಚಿಂತೆ ಒಂದಿರುತ್ತದೆ. ಆ ದಿನವೇ ಮುಟ್ಟಾಗಿ ಹೊರಗೆ ಕೂತರೆ ಪೂಜೆ ಮಾಡುವವರು ಯಾರು? ನಾನು ಕೋಮಲಾ, ಹಿರೇನಲ್ಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಹಬ್ಬದ ರವಿಕೆ ಹೊಲಿಯುತ್ತಾ ಈ ಗೋಳು ಕೇಳಿ ಕೇಳಿ ಸಾಕಾಗಿದೆ.

ಈ ಗೋಳಿಲ್ಲದ ಮನೆ ಒಂದೇ ಇತ್ತು, ತೆಂಗಿನ ತೋಟದ ಈರಣ್ಣನವರದು. ಅವರ ಮಗಳು ಗಗನಾಗೆ ಇಪ್ಪತ್ತೆರಡು ವರ್ಷ, ಕಡೂರಿನಲ್ಲಿ ಬಿ.ಎಡ್. ಓದುತ್ತಾಳೆ. ಯಾವ ಹಬ್ಬಕ್ಕೂ ಅವಳು ಹೊರಗಾದದ್ದಿಲ್ಲ. ಅವಳ ಅಜ್ಜಿ ಹುಲಿಯಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು:

"ನಮ್ ಹುಡ್ಗಿ ಪುಣ್ಯವಂತೆ ಕಣ್ರೇ! ಯುಗಾದಿಗೂ ಅವ್ಳೇ, ಗೌರಿಗೂ ಅವ್ಳೇ. ಗಂಗೆ ತರೋಕೆ ಅವ್ಳೇ ಆಗ್ಬೇಕು."

ಬೀದಿಯವರೂ ಹೌದೆಂದರು. ಯಾರ ಮನೆಯ ಪೂಜೆಗಾದರೂ ಕಳಸ ಹಿಡಿಯಲು ಗಗನಾ ಬೇಕು. ಅವಳೂ ನಗುತ್ತಾ ಹೋಗುತ್ತಿದ್ದಳು. ಬರಬರುತ್ತಾ ಆ ನಗು ಕಡಿಮೆಯಾಯಿತು.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ, ರವಿಕೆ ಅಳತೆ ಕೊಡಲು ತಾಯಿ ಮೀನಾಕ್ಷಮ್ಮನ ಜೊತೆ ಬಂದಳು. ಅಂಗಡಿಯೊಳಗಿನ ಸೆಕೆಯಲ್ಲೂ ಕತ್ತಿಗೆ ವೇಲು ಸುತ್ತಿಕೊಂಡಿದ್ದಳು. ತೆಗೆಯಮ್ಮಾ ಎಂದರೆ ತೆಗೆಯಳು. ಕೊನೆಗೆ ನಾನೇ ಬಿಚ್ಚಿದೆ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. ಅದರ ಮೇಲೆ ಕೆಂಪು ಗೀರುಗಳು.

"ಇದೇನೇ, ಬೆಕ್ಕು ಪರಚ್ತಾ?"

"ಅಜ್ಜಿ ತೆಂಗಿನ ನಾರಲ್ಲಿ ಉಜ್ತಾರೆ ಕೋಮಲಕ್ಕ. ಕೊಳೆ ಅಂತಾರೆ. ಎಷ್ಟ್ ಉಜ್ಜಿದ್ರೂ ಹೋಗಲ್ಲ."

ಹೇಳುತ್ತಲೇ ಕಣ್ಣು ತುಂಬಿಕೊಂಡಳು. ಹತ್ತಿರದಿಂದ ನೋಡಿದೆ. ಗಲ್ಲದಲ್ಲಿ ಕೂದಲು ಕಿತ್ತ ಗುರುತು, ಕೆನ್ನೆ ತುಂಬ ಮೊಡವೆ. ಸೊಂಟದ ಅಳತೆಯೂ ಯುಗಾದಿಗಿಂತ ಬಹಳ ಹೆಚ್ಚಾಗಿತ್ತು. ಇವೆಲ್ಲ ಒಂದು ಕಾಲಕ್ಕೆ ನಾನು ಕನ್ನಡಿಯಲ್ಲಿ ನೋಡಿಕೊಂಡು ಅತ್ತದ್ದೇ.

"ಮೀನಕ್ಕ, ಇವ್ಳು ಮುಟ್ಟಾಗಿ ಎಷ್ಟ್ ದಿನ ಆಯ್ತು?"

ಮೀನಾಕ್ಷಮ್ಮ ಮಗಳ ಮುಖ ನೋಡಿದರು.

"ಯುಗಾದಿ ಆದ್ಮೇಲೆ ಆಗೇ ಇಲ್ಲ," ಎಂದಳು ಗಗನಾ ಮೆಲ್ಲಗೆ. "ಮುಂಚೇನೂ ಮೂರ್ ನಾಕ್ ತಿಂಗಳಿಗೊಂದ್ ಸಲ. ಅಕ್ಕ, ಇನ್ಮೇಲೆ ಸ್ಕೂಲಿಗೆ ಹೋಗಿ ಪಾಠ ಮಾಡ್ಬೇಕು. ಮಕ್ಕಳು ನನ್ ಮುಖ ನೋಡಿ ನಗ್ತಾರೆ. ಓದೇ ಬಿಟ್ಬಿಡೋಣ ಅನ್ಸುತ್ತೆ."

ಚಿಕ್ಕಂದಿನಿಂದ ಟೀಚರ್ ಆಗುತ್ತೇನೆ ಎನ್ನುತ್ತಿದ್ದ ಹುಡುಗಿ ಅದು.

"ಇದು ಪುಣ್ಯ ಅಲ್ಲ ಮೀನಕ್ಕ, ಪಿಸಿಓಎಸ್ ಇರ್ಬೋದು," ಎಂದೆ. "ಹಾರ್ಮೋನು ಏರುಪೇರಾಗಿ, ಅಂಡಾಶಯದಿಂದ ತಿಂಗಳು ತಿಂಗಳು ಸರಿಯಾಗಿ ಅಂಡ ಬಿಡುಗಡೆ ಆಗಲ್ಲ. ಅದಕ್ಕೇ ಮುಟ್ಟು ತಪ್ಪೋದು, ಗಲ್ಲದಲ್ಲಿ ಕೂದಲು ಬರೋದು. ನಂಗೂ ಐತೆ. ಆದ್ರೆ ಟೇಪ್ ಹಿಡ್ಕೊಂಡಿರೋ ನಾನು ಹೇಳಿದ್ರೆ ಸಾಲ್ದು, ಡಾಕ್ಟ್ರು ನೋಡ್ಬೇಕು."

ಮೀನಾಕ್ಷಮ್ಮ ಒಪ್ಪಿದರು. ಒಪ್ಪದಿದ್ದವರು ಅಜ್ಜಿ. ಸಂಜೆ ಅವರ ಮನೆಗೆ ಹೋದರೆ ಬಾಗಿಲಲ್ಲೇ ಹಿಡಿದುಕೊಂಡರು.

"ಮದ್ವೆ ಆಗ್ದಿರೋ ಹುಡ್ಗೀನ ಹೆರಿಗೆ ಡಾಕ್ಟ್ರತ್ರ ಕರ್ಕೊಂಡೋದ್ರೆ ಊರ್ನೋರು ಸುಮ್ನಿರ್ತಾರೇನೇ? ಬಂಜೆ ಅಂತ ಹೆಸರು ಕಟ್ತಾರೆ. ಮದ್ವೆ ಆದ್ರೆ ತಾನೇ ಸರಿಹೋಯ್ತದೆ!"

"ಊರ ಬಾಯಿ ಮುಚ್ಚೋಕಾಗಲ್ಲ ಅಜ್ಜಿ. ಆದ್ರೆ ಹಿಂಗೇ ಬಿಟ್ರೆ ಮುಂದೆ ಸಕ್ಕರೆ ಕಾಯ್ಲೆ ಬರ್ಬೋದು, ಗರ್ಭಕೋಶಕ್ಕೂ ತೊಂದ್ರೆ ಆಗ್ಬೋದು. ನಂಗೂ ಇದೇ ಕಾಯ್ಲೆ ಐತೆ. ನನ್ ಮಗಳು ಸ್ಫೂರ್ತಿ ದಿನಾ ನಿಮ್ ಜಗಲೀಲೇ ಕುಣೀತಾಳೆ. ನಾನು ಬಂಜೆನಾ?"

ಅಜ್ಜಿ ಜಗಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆದರೆ ಅಷ್ಟಕ್ಕೇ ಸೋಲುವ ಜೀವವಲ್ಲ ಅದು.

"ಹಂಗಾದ್ರೆ ಮೆಡಿಕಲ್ ಶಾಪಲ್ಲಿ ಮುಟ್ಟಾಗೋ ಮಾತ್ರೆ ತಂದ್ಕೊಟ್ರಾಯ್ತು."

"ಕಾರಣ ತಿಳೀದೆ ನಾವೇ ಮಾತ್ರೆ ನುಂಗ್ಸಬಾರ್ದು ಅಜ್ಜಿ," ಎಂದು ನಾನು ಈರಣ್ಣನವರ ಕಡೆ ತಿರುಗಿದೆ. "ಈರಣ್ಣ, ತೋಟದಲ್ಲಿ ಒಂದ್ ಮರದ ಸುಳಿ ಬಾಡಿದ್ರೆ ಏನ್ಮಾಡ್ತೀರಾ?"

"ತೋಟಗಾರಿಕೆ ಆಫೀಸ್ನೋರನ್ನ ಕರ್ಕೊಂಡ್ ಬತ್ತೀನಿ," ಎಂದರು ಥಟ್ಟನೆ. ಆಮೇಲೆ ಮಗಳನ್ನು ನೋಡಿ ತಲೆ ಕೆರೆದುಕೊಂಡರು. "ಮರಕ್ಕೆ ಓಡೋನು ಮಗಳಿಗೆ ಬ್ಯಾಡ ಅಂದ್ರೆ ನಾನೆಂಥ ಅಪ್ಪ! ನಾಳೇನೇ ಹೊರಡಿ."

ಮಾರನೆಯ ದಿನ ಕಡೂರಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಮೊಮ್ಮಗಳಿಗೆ ಏನು ಮಾಡಿಬಿಡುತ್ತಾರೋ ಎಂದು ಅಜ್ಜಿಯೂ ಬಸ್ ಹತ್ತಿದರು. ಡಾಕ್ಟರ್ ವಿದ್ಯಾಶ್ರೀ ಮುಟ್ಟಿನ ಬಗ್ಗೆ ಸಮಾಧಾನವಾಗಿ ಕೇಳಿದರು, ತೂಕ ಮತ್ತು ಬಿಪಿ ನೋಡಿದರು, ಥೈರಾಯ್ಡ್, ಸಕ್ಕರೆ, ಹಾರ್ಮೋನು ಪರೀಕ್ಷೆಗೆ ರಕ್ತ ತೆಗೆಸಿದರು. ಸ್ಕ್ಯಾನಿಂಗ್ ಎಂದಾಗ ಅಜ್ಜಿ ಮೊಮ್ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಗೆ ನೋಡಿದರೆ, ನೀರು ಕುಡಿಸಿ, ಹೊಟ್ಟೆಯ ಮೇಲೆ ಜೆಲ್ ಹಚ್ಚಿ ನೋಡಿದ್ದಷ್ಟೇ. ನೋವಿಲ್ಲ, ಸೂಜಿಯಿಲ್ಲ.

ಎಲ್ಲ ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಹೇಳಿದರು: "ಥೈರಾಯ್ಡ್ ಸರಿಯಾಗಿದೆ. ಇದು ಪಿಸಿಓಎಸ್. ಸ್ಕ್ಯಾನಿಂಗ್‌ನಲ್ಲಿ ಕಾಣೋ ಚಿಕ್ಕ ಗುಳ್ಳೆಗಳು ಗಡ್ಡೆ ಅಲ್ಲ, ಪೂರ್ತಿ ಬೆಳೀದೇ ಇರೋ ಅಂಡಗಳು. ಆಪರೇಷನ್ ಬೇಕಿಲ್ಲ. ಆದರೆ ಸಕ್ಕರೆ ಸ್ವಲ್ಪ ಏರ್ತಾ ಇದೆ. ಸರಿಯಾದ ಸಮಯಕ್ಕೆ ಬಂದಿದ್ದೀರಿ."

"ಕತ್ತಿನ ಕೊಳೆಗೆ ಏನ್ ಹಚ್ಬೇಕವ್ವಾ?" ಅಜ್ಜಿ ಕೇಳಿದರು.

"ಅದು ಕೊಳೆ ಅಲ್ಲ ಅಜ್ಜಿ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇದ್ರೆ ಚರ್ಮ ಹೀಗೆ ಕಪ್ಪಾಗುತ್ತೆ. ಉಜ್ಜಬೇಡಿ, ಪಾಪ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳ ಕತ್ತಿನ ಮೇಲೆ ಅಂಗೈ ಇಟ್ಟು ಕೂತಿದ್ದರು. "ಬಾಳ ನೋವಾಯ್ತೇನೇ ಕೂಸೇ?" ಎಂದು ಒಂದೇ ಮಾತು ಕೇಳಿದರು. ಗಗನಾ ಅಜ್ಜಿಯ ಭುಜಕ್ಕೆ ಒರಗಿದಳು.

ಅಂದಿನಿಂದ ಬೆಳಿಗ್ಗೆ ಅಪ್ಪನ ಜೊತೆ ತೋಟದವರೆಗೆ ಬಿರುಸಾಗಿ ನಡಿಗೆ. ಟೀ ಜೊತೆಯ ಬಿಸ್ಕತ್ತು ನಿಂತಿತು, ತಟ್ಟೆಯಲ್ಲಿ ಮುದ್ದೆ ಸಣ್ಣದಾಗಿ ಸೊಪ್ಪು, ಕಾಳು ಹೆಚ್ಚಾದವು. ಡಾಕ್ಟರ್ ಕೊಟ್ಟ ಮಾತ್ರೆಯನ್ನು ತಪ್ಪಿಸಲಿಲ್ಲ. ಇದು ಬೇರುಸಮೇತ ಕೀಳುವ ಕಾಯಿಲೆಯಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವಂಥದ್ದು. ನಿಧಾನವಾಗಿ ಮುಟ್ಟು ಸರಿಹೋಗುತ್ತಾ ಬಂತು. ಗಲ್ಲದ ಕೂದಲು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಗಗನಾ ವೇಲು ಬಿಚ್ಚಿಟ್ಟು ಶಾಲೆಗೆ ಹೋಗಿ ಪಾಠ ಮಾಡಿದಳು. ಮಕ್ಕಳು ಮುಖ ನೋಡಿ ನಗಲಿಲ್ಲ, "ಮಿಸ್, ನಾಳೇನೂ ಬನ್ನಿ" ಎಂದರಂತೆ.

ಈ ವರ್ಷದ ಗೌರಿ ಹಬ್ಬ. ಅರಿಶಿನ ಕುಂಕುಮಕ್ಕೆಂದು ಅವರ ಮನೆಗೆ ಹೋದರೆ, ಮಂಡಿ ನೋವಿನ ಹುಲಿಯಮ್ಮಜ್ಜಿ ತಾವೇ ಕಳಸ ಹಿಡಿದು ಗಂಗೆ ತರುತ್ತಿದ್ದಾರೆ!

"ಗಗನಾ ಎಲ್ಲಜ್ಜಿ?"

"ಮುಟ್ಟಾಗವ್ಳೆ ಕಣೇ!" ಹಿಂದೆ ಹೊಗಳುತ್ತಿದ್ದ ಅದೇ ದನಿ, ಬೀದಿಗೆಲ್ಲ ಕೇಳಿಸಿತು. "ತಿಂಗಳಿಗೆ ಸರಿಯಾಗಿ ಆಗವ್ಳೆ!"

ಗಗನಾ ಜಗಲಿಯ ಮೂಲೆಯಲ್ಲಿ ನಾಚಿಕೊಂಡು ಕೂತಿದ್ದಳು. ಅಜ್ಜಿ ಅವಳ ಮುಂದೆ ನಿಂತರು.

"ಹೊರಗ್ಯಾಕೆ ಕೂತಿದ್ದೀಯೇ? ಒಳಗ್ ಬಾ, ಬಿಸಿ ಹೋಳಿಗೆ ತಿನ್ನು. ಒಂದೇ ಕೊಡೋದು, ಆಮೇಲೆ ಡಾಕ್ಟ್ರು ನನ್ನ ಬೈತಾರೆ."

ಆ ಮನೆಯಲ್ಲಿ ಮುಟ್ಟಾದವಳು ಹಬ್ಬದ ದಿನ ಹೊಸ್ತಿಲು ದಾಟಿ ಒಳಗೆ ಹೋದದ್ದು ಅದೇ ಮೊದಲು. ನನಗಂತೂ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ.

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮಗಳಿಗೆ ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ಯಾವಾಗಲೂ ತಿಂಗಳು ತಪ್ಪುತ್ತಿದ್ದರೆ, ಗಲ್ಲದಲ್ಲಿ ಕೂದಲು, ಬಿಡದ ಮೊಡವೆ, ಕಪ್ಪಾದ ಕತ್ತು ಕಂಡರೆ ನಾರು ಹುಡುಕಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದಪ್ಪಗಿರುವವರಿಗೆ ಮಾತ್ರ ಇದು ಬರುತ್ತದೆ ಎಂದುಕೊಳ್ಳಬೇಡಿ, ತೆಳ್ಳಗಿರುವವರಿಗೂ ಬರುತ್ತದೆ. ಹಬ್ಬದ ದಿನ ಮಗಳು ಹೊರಗಾದಳಲ್ಲ ಎಂದು ಕೊರಗಬೇಡಿ. ಹಬ್ಬದ ಮೇಲೆ ಹಬ್ಬ ಕಳೆದರೂ ಹೊರಗಾಗಲಿಲ್ಲವಲ್ಲ, ಯಾಕೆ ಎಂದು ಇವತ್ತೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.