ಅಪ್ಪನ ಗಾಡಿ ಸೋರುತ್ತಿದೆ

ಎಣ್ಣೆ ಸೋರದಂತೆ ಮುಚ್ಚಳಗಳಿಗೆ ಮೂರನೇ ಸಲ ಹೊಸ ಪ್ಯಾಕಿಂಗ್ ಹಾಕಿಸಿದ ಮರುದಿನವೂ ಇಂಜಿನ್ನಿನ ಅಡಿಯಲ್ಲಿ ಅಂಗೈಯಗಲ ಎಣ್ಣೆ ನಿಂತಿದ್ದು ನೋಡಿ ಬೈರೇಶನಿಗೆ ತಲೆ ಕೆಟ್ಟುಹೋಯಿತು. ಹಾಳು ಬೈಕು! ಅಪ್ಪ ನಂದಗುಡಿಯ ಸುತ್ತಮುತ್ತ ನಲವತ್ತು ವರ್ಷ ಓಡಿಸಿದಾಗ ಮರ್ಯಾದೆಯಾಗಿ ಇದ್ದದ್ದು, ಅಪ್ಪ ತೀರಿಕೊಂಡು ತನ್ನ ಕೈಗೆ ಬಂದ ಮೇಲೆ ಹಗೆ ಸಾಧಿಸುತ್ತಿದೆ ಎಂದು ಅವನಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು.

ಈ ಮೂರು ತಿಂಗಳಲ್ಲಿ ಅದು ಸೋರದ ಜಾಗವಿರಲಿಲ್ಲ. ಮೇಲಿನ ಮುಚ್ಚಳ ಬಿಗಿ ಮಾಡಿದರೆ ಬಲಗಡೆಯಿಂದ, ಬಲಗಡೆ ಬಿಗಿ ಮಾಡಿದರೆ ಗೇರಿನ ಹತ್ತಿರದಿಂದ. ಇದ್ದ ಒಂದೇ ಸಮಾಧಾನವೆಂದರೆ ಚೈನಿನ ಹಿಂದೆ ಮರೆಯಾಗಿದ್ದ ಸಣ್ಣ ರಬ್ಬರ್ ಪೈಪು. ಹಿಂದೆಲ್ಲ ಅಲ್ಲಿಂದ ದಿನಕ್ಕೆ ನಾಲ್ಕು ತೊಟ್ಟು ಬೀಳುತ್ತಿತ್ತು, ಈಗ ತಾನಾಗೇ ನಿಂತಿತ್ತು. ಅದೊಂದಾದರೂ ಸರಿಹೋಯಿತಲ್ಲ ಎಂದುಕೊಂಡು ಅವನು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಇನ್ನು ಪಾರ್ಟ್ಸ್ ಹುಡುಕಿದ ಪಾಡು ಯಾರಿಗೂ ಬೇಡ. ಹೊಸಕೋಟೆಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಸಿಟಿ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಅಂಗಡಿ ಅಂಗಡಿ ಅಲೆದ. "ಇದಾ? ನಮ್ ತಾತನ ಕಾಲದ್ದು ಗುರು" ಎಂದು ನಕ್ಕವರೇ ಎಲ್ಲರೂ. ಕೊನೆಗೆ ಆವತಿಯ ಆದಿನಾರಾಯಣಪ್ಪನವರ ಕೊಟ್ಟಿಗೆಯಲ್ಲಿ ಇಂಥದೇ ಗಾಡಿ ಕೆಟ್ಟು ನಿಂತಿದೆಯೆಂಬ ಸುದ್ದಿ ಸಿಕ್ಕಿತು. ಓಡಿಹೋಗಿ ನೋಡಿದರೆ ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. "ಮರಿ ಆಗೋವರ್ಗೂ ಗಾಡಿ ಮುಟ್ಟಂಗಿಲ್ಲ" ಎಂದರು ಯಜಮಾನರು. ಬೈರೇಶ ಕೋಳಿಯನ್ನು ಮನಸಾರೆ ಬೈದುಕೊಂಡು, ಮರಿ ಆಗುವವರೆಗೂ ಕಾದು, ಮತ್ತೆ ಹೋಗಿ ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ ತಂದ. ಅದನ್ನು ಹಾಕಿದರೂ ಸೋರಿತು.

ಹೆಂಡತಿ ಮಮತಳ ಕೋಪವೂ ಸುಳ್ಳಲ್ಲ. ದಿನಾ ಅಂಗಳ ತೊಳೆದು ರಂಗೋಲಿ ಬಿಡುವವಳು ಅವಳು. ಆ ಪೈಪು ತೊಟ್ಟಿಕ್ಕುತ್ತಿದ್ದ ಕಾಲದಲ್ಲೇ, ಇನ್ನೊಂದು ತೊಟ್ಟು ಬಿದ್ದರೆ ಗಾಡಿ ಮಾರಿಸುತ್ತೇನೆಂದು ರೇಗಿದ್ದಳು. ಈಗಂತೂ ಗಡುವೇ ಕೊಟ್ಟಳು. "ಭಾನುವಾರದೊಳ್ಗೆ ಸೋರೋದು ನಿಲ್ಲಿಲ್ಲಾಂದ್ರೆ ಕೊಟ್ಬಿಡೋದೇ ಕಣ್ರೀ. ಬೆಂಗ್ಳೂರಿನ ಪಾರ್ಟೀನ ನಮ್ಮಣ್ಣ ಕರ್ಕೊಂಡ್ ಬರ್ತಾನೆ."

ಬೈರೇಶ ಸಿಟ್ಟಿನಲ್ಲಿ ಹೂಂ ಅಂದುಬಿಟ್ಟ. ಅಂದ ಗಳಿಗೆಯಿಂದಲೇ ತಪ್ಪು ಮಾಡಿದೆ ಅನ್ನಿಸತೊಡಗಿತು. ಅಪ್ಪನ ಬೆನ್ನಿಗೆ ಅಂಟಿಕೊಂಡು ಸ್ಕೂಲಿಗೆ ಹೋದ ಗಾಡಿ ಅದು. ತಾಯಿ ಅಮ್ಮಯಮ್ಮನಾದರೂ ಬೇಡ ಅನ್ನುತ್ತಾಳೇನೋ ಎಂದು ಕಾದ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅಮ್ಮನಿಗೂ ಅಪ್ಪನ ಗಾಡಿ ಬೇಡವಾಯಿತೇ ಎಂದು ಅವನಿಗೆ ಬೇಜಾರಾಯಿತು.

ಭಾನುವಾರ ಬೆಳಿಗ್ಗೆ ಅವನು ಮೆಕ್ಯಾನಿಕ್ ಸೊಣ್ಣಪ್ಪನನ್ನು ಮನೆಗೇ ಎಳೆದುತಂದ. ಸೊಣ್ಣಪ್ಪ ಅಂಗಳದಲ್ಲಿ ಉದ್ದಕ್ಕೆ ಮಲಗಿ ಇಂಜಿನ್ನಿನ ಅಡಿ ನೋಡಿದ.

"ಎಲ್ಲಾ ಕಡೆಯಿಂದ್ಲೂ ಸೋರ್ತೈತೆ ಅಂದ್ರೆ ಪ್ಯಾಕಿಂಗ್ ತಪ್ಪಲ್ಲಪ್ಪಾ. ಇದು ಉಸಿರು ಬಿಡೋ ಪೈಪೆಲ್ಲಿ?" ಎಂದವನು ಚೈನಿನ ಹಿಂದೆ ಕೈ ತೂರಿಸಿ, ಆ ರಬ್ಬರ್ ಪೈಪಿನ ಬಾಯಿಂದ ಏನನ್ನೋ ಹಿರಿದು ತೆಗೆದ. "ಏನ್ಲಾ ಇದು? ಜೋಳದ ಬೆಂಡು! ಸೀಮೆಎಣ್ಣೆ ಬಾಟ್ಲಿ ಬಿರಡೇನ ತಂದು ಇಂಜಿನ್ ಮೂಗಿಗೆ ತುರುಕಿದ್ದೀಯಲ್ಲೋ!"

ಚಾಕುವಿನಲ್ಲಿ ನಯವಾಗಿ ಕೆತ್ತಿದ ಬಿರಡೆ. ಸುತ್ತ ಬಿಗಿಯಾಗಿ ಹಳೇ ಸೀರೆಯ ಚಿಂದಿ. ಆ ಸೀರೆ ಯಾರದೆಂದು ಬೈರೇಶನಿಗೆ ಚೆನ್ನಾಗಿ ಗೊತ್ತಿತ್ತು.

"ನಾನೇ ಕಣ್ಲಾ" ಎಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮಯಮ್ಮ. "ಇನ್ನೊಂದು ತೊಟ್ಟು ಬಿದ್ರೆ ಮಾರಿಸ್ತೀನಿ ಅಂದ್ಲಲ್ಲ ಮಮತ. ಅದ್ಕೆ ಮುಚ್ಚಿದೆ."

"ಮೂರ್ ತಿಂಗ್ಳು ಕಣಮ್ಮಾ!" ಬೈರೇಶ ಕೂಗಾಡಿದ. "ಆವತಿ ಕೋಳಿ ಮರಿ ಮಾಡೋವರ್ಗೂ ಕಾದಿದ್ದೀನಿ! ಒಂದ್ ಮಾತು ಹೇಳ್ಬಾರ್ದಾ?"

"ಹೇಳಿದ್ರೆ ನಿಮ್ಮಿಬ್ರಿಗೂ ಜಗಳ ಆಗ್ತಿತ್ತು. ನಿಮ್ಮಪ್ಪನ್ ಗಾಡಿ ಹೋಗ್ಬಾರ್ದಿತ್ತು, ಅಷ್ಟೇ."

ಬೈರೇಶ ಒರೆಸುವ ಬಟ್ಟೆಯನ್ನು ಸೊಣ್ಣಪ್ಪನ ಕೈಗೆ ಕೊಟ್ಟ.

ಸೊಣ್ಣಪ್ಪ ಇಂಜಿನ್ ಒರೆಸಿ ಹತ್ತು ನಿಮಿಷ ಓಡಿಸಿದ. ಎಲ್ಲೂ ಒಂದು ಹನಿಯಿಲ್ಲ. ಆಮೇಲೆ ಪೈಪಿನಿಂದ ಒಂದೇ ಒಂದು ತೊಟ್ಟು, ತೊಳೆದ ಅಂಗಳದ ಮೇಲೆ ಬಿತ್ತು.

"ಇದು ಮಾತ್ರ ನಿಲ್ಲಲ್ಲ" ಎಂದ ಸೊಣ್ಣಪ್ಪ. "ಇದನ್ನ ಮುಚ್ಚಿದ್ರೆ ಒಳಗಿನ ಒತ್ತಡಕ್ಕೆ ಎಣ್ಣೆ ಇನ್ನೆಲ್ಲಿಂದಾದ್ರೂ ಒಡ್ಕೊಂಡ್ ಬರುತ್ತೆ."

ಗಡುವೆಂದರೆ ಗಡುವೇ. ಎಲ್ಲರೂ ಮಮತಳ ಮುಖ ನೋಡಿದರು. ಅವಳು ನೆಲದ ಮೇಲಿನ ತೊಟ್ಟನ್ನು ನೋಡಿದಳು, ಸೊಣ್ಣಪ್ಪನ ಕೈಯಲ್ಲಿದ್ದ ಚಿಂದಿ ಸುತ್ತಿದ ಬಿರಡೆಯನ್ನು ನೋಡಿದಳು. ಆಮೇಲೆ ಫೋನು ತೆಗೆದಳು.

"ಅಣ್ಣಾ, ಅವ್ರನ್ನ ಕರ್ಕೊಂಡ್ ಬರ್ಬೇಡ. ಹೂಂ, ಇನ್ನೂ ಸೋರ್ತೈತೆ. ಸೋರ್ಲಿ ಬಿಡು."

ಒಳಗೆ ಹೋಗಿ ತೆಂಗಿನ ಚಿಪ್ಪೊಂದನ್ನು ತಂದು ಪೈಪಿನ ಕೆಳಗಿಟ್ಟಳು. "ಅತ್ತೆ, ಇನ್ಮೇಲೆ ಏನಿದ್ರೂ ನನ್ ಹತ್ರ ಬಾಯ್ಬಿಟ್ಟು ಹೇಳಿ" ಎಂದಳು.

ಅಮ್ಮಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಚಿಪ್ಪಿನ ಕಡೆ ಬಗ್ಗಿ ನೋಡಿದಳು. "ಹಂಗಾದ್ರೆ ಹೇಳ್ತೀನಿ. ಇದು ಸಾಲಲ್ಲ ಕಣಮ್ಮ, ಇನ್ನೊಂಚೂರು ದೊಡ್ಡದಿದ್ರೆ ತಗೊಂಬಾ."