ಮೆಟ್ಟಿಲಿಗೆ ಬೋರಲು ಬಿದ್ದ ಮುತ್ಯಾ

ಶಿವ ಕೊಟ್ಟ ಸಿಟ್ಟನ್ನು ಶಿವಬಸಮ್ಮ ಯಾವತ್ತೂ ದುಂದು ಮಾಡಿದವಳಲ್ಲ. ದಾಯಾದಿಗಳು ಬಾವಿ ಕಿತ್ತುಕೊಂಡಾಗಲೂ ಹಣೆಗೆ ವಿಭೂತಿ ಹಚ್ಚಿಕೊಂಡು ಸುಮ್ಮನೆ ಕೂತವಳು. ಆ ಸೋಮವಾರ ಮಾತ್ರ, ಎಣ್ಣೆಯ ಗಿಂಡಿ ಹಿಡಿದು ಊರಾಚೆ ದನ ಮೇಯುವ ಗಾಯರಾಣಕ್ಕೆ ಬಂದವಳು, ಮುತ್ಯಾನ ಕಲ್ಲಿದ್ದ ಜಾಗದಲ್ಲಿ ಹಸಿ ಗುಂಡಿ ಕಂಡು, ಗಿಂಡಿ ಅಲ್ಲೇ ಕುಕ್ಕಿ ಬಂಡಿಯ ಜಾಡು ಹಿಡಿದಳು.

ಮುತ್ಯಾ ಎಂದರೆ ಅವಳ ಮನೆತನದ ಹಿರಿಯ. ಊರ ದನ ಹೊಡೆದುಕೊಂಡು ಹೊರಟ ಕಳ್ಳರಿಗೆ ಅಡ್ಡ ನಿಂತು ಸತ್ತವನು. ಕತ್ತಿ ಹಿಡಿದ ಅವನ ರೂಪ ಕೆತ್ತಿ, ಸತ್ತಲ್ಲೇ ನಿಲ್ಲಿಸಿದ್ದರು. ಲಿಂಗಸುಗೂರಿನಲ್ಲಿ ಯಾವ ಜಾತಿಯವರ ಲಗ್ನವಾದರೂ ಅವನಿಗೊಂದು ಕಾಯಿ ಒಡೆಯುತ್ತಿದ್ದರು.

ಬಂಡಿಯ ಜಾಡು ನೇರ ನಿಜಾಮ ಸರ್ಕಾರದ ಹೊಸ ಹೈಸ್ಕೂಲಿಗೆ ಹೋಗಿತ್ತು. ಬಾಗಿಲಿಗೆ ಮೆಟ್ಟಿಲಾಗಿ ಬಿದ್ದಿದ್ದ ಕಲ್ಲಿನ ಅಂಚು ತಲೆಮಾರುಗಳ ಎಣ್ಣೆ ಕುಡಿದು ಕಪ್ಪಾಗಿತ್ತು. ಹುಡುಗರು ಅದನ್ನು ತುಳಿದು ಒಳಗೆ ಹೋಗುತ್ತಿದ್ದರು.

"ಇಳೀರಲೇ ಕೆಳಗ!"

ಅವಳ ಕೂಗಿಗೆ, ಗೋಡೆಗೆ ಸುಣ್ಣ ಮೆತ್ತುತ್ತಿದ್ದ ಗೌಂಡಿ ಬುಡ್ಡೇಸಾಬ್ ಓಡಿ ಬಂದ.

"ಯಾವ ಕೈಲೆ ಹಾಕಿದಿ ಬುಡ್ಡ್ಯಾ? ನಿನ್ನ ಲಗ್ನದಾಗ ಕಾಯಿ ಒಡದ ಕೈಲೇನ?"

"ಗುತ್ತೇದಾರ ಕಿತ್ತು ತಂದಾನಬೇ ಯಕ್ಕಾ. ಹಾಕು ಅಂದ, ಹಾಕಿದೆ. ಆದ್ರ ಮುತ್ಯಾನ ಮಕಕ್ಕ ಯಾರ ಕಾಲೂ ತಾಗಬಾರ್ದಂತ ಬೋರಲ ಹಾಕೀನಿ. ಖುದಾನ ಆಣಿ."

"ಮಕ ಮಣ್ಣಾಗ ತುರುಕಿ ಬೆನ್ನು ತುಳಸಾಕತ್ತಿ, ಇದಕ್ಕ ಮರ್ಯಾದಿ ಅಂತಿ! ನಿಮ್ಮಪ್ಪನ್ನ ಹಿಂಗ ಮಲಗಸ್ತಿದ್ದೇನು?"

ಗದ್ದಲ ಕೇಳಿ ಹೆಡ್ ಮಾಸ್ತರ್ ಜಿಲಾನಿಸಾಬ್ ಹೊರಬಂದರು.

"ಅಮ್ಮಾ, ಬಾಗಿಲ ಎತ್ತರ ಐತಿ. ಈ ಕಲ್ಲು ಕಿತ್ರ ಮಕ್ಕಳು ಹೆಂಗ ಹತ್ತಬೇಕು? ಊರಿಗೆ ಸಾಲಿ ಬ್ಯಾಡೇನು?"

"ಬೇಕ್ರಿ. ಈ ಊರ ಮಕ್ಕಳು ಹಾಲು ಕುಡೀಲಿ ಅಂತನ ಅವ ಸತ್ತ. ಅವನ್ನ ತುಳದು ಬಂದವರಿಗೆ ಒಳಗ ಏನು ಕಲಸ್ತೀರಿ?"

"ಬದಲಿ ಕಲ್ಲು ಕೊಟ್ಟು ಮಾತಾಡ್ರಿ" ಎಂದು ಜಿಲಾನಿಸಾಬ್ ಒಳಗೆ ನಡೆದರು.

ಶಿವಬಸಮ್ಮ ಮನೆಗೆ ಬಂದು ಪೂಜೆಗೆ ಕೂತರೆ, ಮುಚ್ಚಿದ ಕಣ್ಣೊಳಗೆ ಮುತ್ಯಾನ ಮಣ್ಣು ತುಂಬಿದ ಬಾಯಿಯೇ ಕಂಡಿತು. "ಶಿವನೇ, ಕೆಲಸ ಆಗೂತನ ಈ ಸಿಟ್ಟು ಇಳಸಬ್ಯಾಡ" ಎಂದು ಬೇಡಿಕೊಂಡಳು.

ನಿಜಾಮನ ಸಾಲಿಗೆ ಶುಕ್ರವಾರ ವಾರದ ಸೂಟಿ. ಹಿತ್ತಲಲ್ಲಿದ್ದ ಬಟ್ಟೆ ಒಗೆಯುವ ಕಲ್ಲನ್ನು ಆಳುಗಳಿಂದ ಎಬ್ಬಿಸಿ ಬಂಡಿಗೆ ಹಾಕಿಸಿದಳು. ಅತ್ತೆ ಒಗೆದ ಕಲ್ಲು, ತಾನು ಒಗೆದ ಕಲ್ಲು. ಬಂಡಿ ತನ್ನ ಮನೆಯ ಮುಂದೆ ಹಾದದ್ದು ಕಂಡ ಬುಡ್ಡೇಸಾಬ್ ಹಾರೆ ಹಿಡಿದು ಹಿಂದೆಯೇ ಬಂದ.

ಸದ್ದಿಗೆ ಸಾಲಿಯ ಹಿಂದಿನ ತಮ್ಮ ಮನೆಯಿಂದ ಜಿಲಾನಿಸಾಬ್ ಬಂದು ನಿಂತರು.

"ಬದಲಿ ಕೇಳಿದ್ರಿ, ತಂದೀನಿ. ನನ್ನ ಕಲ್ಲು ಇದು. ತುಳೀರಿ, ಬೇಕಾದಷ್ಟು ತುಳೀರಿ."

ಅವರು ಗೌಂಡಿಯತ್ತ ತಿರುಗಿದರು. "ಗುತ್ತೇದಾರ ನಿನ್ನ ಕೆಲಸದಿಂದ ತಗೀತಾನ ನೋಡು."

"ತಗೀಲಿ ಬಿಡ್ರಿ" ಎಂದ ಬುಡ್ಡೇಸಾಬ್ ಹಾರೆ ಹೂಡಿದ. ಜಿಲಾನಿಸಾಬ್ ತಡೆಯಲಿಲ್ಲ.

ಆಳುಗಳು ಕೈಜೋಡಿಸಿದರು. ಕಲ್ಲು ಎದ್ದಿತು. ಮುತ್ಯಾನ ಕಣ್ಣು, ಮೂಗು, ಬಾಯಿ ಎಲ್ಲ ಒಂದೇ ಕೆಸರು.

"ಗಾಯರಾಣಕ್ಕ ಒಯ್ಯೂಣೇನಬೇ ಯಕ್ಕಾ?"

"ಬ್ಯಾಡ. ಇಲ್ಲೇ ಬಾಗಿಲ ಮಗ್ಗಲಕ ನಿಲ್ಲಸು. ಒಳಗ ಹೋಗಾವರು ಮಕ ನೋಡೇ ಹೋಗ್ಲಿ."

ಮುತ್ಯಾನನ್ನು ನಿಲ್ಲಿಸಿ, ಒಗೆಯುವ ಕಲ್ಲನ್ನು ಮೆಟ್ಟಿಲಿಗೆ ಕೂಡಿಸಿದ ಬುಡ್ಡೇಸಾಬ್ ಬೆವರು ಒರೆಸಿಕೊಂಡು ಮೆಲ್ಲಗೆ ಕೇಳಿದ: "ಈಗರ ಸಿಟ್ಟು ಇಳೀತೇನು?"

ಶಿವಬಸಮ್ಮ ಸೆರಗಿನ ತುದಿಯಿಂದ ಕಲ್ಲಿನ ತುಟಿ ಕೆರೆಯುತ್ತಿದ್ದಳು.

"ಬಾಯಾಗ ಇನ್ನೂ ಮಣ್ಣೈತಿ. ನೀರು ತಾ ಮೊದಲ."